ಫಿರಂಗಿಗಳಿಗೆ ಪರೀಕ್ಷೆ ಇಟ್ಟ ಬಯಲು

ಜರ್ಮನಿಯ ಮಾಗ್ಡೆಬುರ್ಗ್ ನಗರದಿಂದ ಉತ್ತರಕ್ಕೆ ಹೊರಟರೆ ಸ್ವಲ್ಪ ಹೊತ್ತಿನಲ್ಲೇ ಫಲವತ್ತಾದ ಹೊಲಗಳು ಮುಗಿದು ಮರಳುನೆಲ, ಪೈನ್ ಮರಗಳು ಮತ್ತು ಕುರುಚಲು ಪೊದೆಗಳ ಬಯಲು ಎದುರಾಗುತ್ತದೆ. ಕೋಲ್ಬಿಟ್ಜ್-ಲೆಟ್ಜ್‌ಲಿಂಗನ್ ಬಯಲು ಎಂದು ಅದರ ಹೆಸರು. ಒಂದು ಕಾಲಕ್ಕೆ ಪ್ರಷ್ಯದ ಅರಸರು ಬೇಟೆಗೆ ಬರುತ್ತಿದ್ದ ಜಾಗ. 1930ರ ದಶಕದ ಮಧ್ಯಭಾಗದಲ್ಲಿ ಈ ಬಯಲಿನೊಳಗಿದ್ದ ಸಾಲ್ಖಾವ್, ಪಾಕ್ಸ್‌ಫೋರ್ಡೆ, ಶ್ನೋಗರ್ಸ್‌ಬುರ್ಗ್ ಮುಂತಾದ ಸಣ್ಣ ಹಳ್ಳಿಗಳ ಜನರನ್ನು ಒಕ್ಕಲೆಬ್ಬಿಸಲಾಯಿತು. ಅಲ್ಲಿ ಅಣೆಕಟ್ಟು ಕಟ್ಟುವುದಿರಲಿಲ್ಲ, ಗಣಿ ತೋಡುವುದೂ ಇರಲಿಲ್ಲ. ಸರ್ಕಾರಕ್ಕೆ ಬೇಕಾಗಿದ್ದುದು ಸುಮಾರು 30 ಕಿಲೋಮೀಟರು ಉದ್ದದ, ನಡುವೆ ಮನುಷ್ಯರಿಲ್ಲದ ನೇರವಾದ ಪಟ್ಟಿ. ಒಂದು ತುದಿಯಲ್ಲಿ ಫಿರಂಗಿ ಹಾರಿಸಿದರೆ ಇನ್ನೊಂದು ತುದಿಯೊಳಗೆ ಗುಂಡು ಬೀಳಬೇಕು, ಬಿದ್ದ ಜಾಗವನ್ನು ಅಳೆಯಲು ಆಗಬೇಕು.

ಆ ಪಟ್ಟಿಯ ದಕ್ಷಿಣ ತುದಿಯ ಹಳ್ಳಿಯ ಹೆಸರು ಹಿಲ್ಲರ್ಸ್‌ಲೇಬೆನ್. ಜರ್ಮನ್ ಸೇನೆಯ ಶಸ್ತ್ರಾಸ್ತ್ರ ಇಲಾಖೆ ಇಲ್ಲಿ ಕಟ್ಟಿದ ಪ್ರಯೋಗಶಾಲೆ ಎರಡನೇ ಮಹಾಯುದ್ಧದ ಉದ್ದಕ್ಕೂ ಫಿರಂಗಿ ಮತ್ತು ಮದ್ದುಗುಂಡುಗಳ ಪರೀಕ್ಷೆ ನಡೆಸಿತು. ರಾಕೆಟ್ಟುಗಳು ಹುಟ್ಟಿದ ಪೇನೆಮುಂಡೆಯ ಹೆಸರನ್ನು ಕೇಳಿದವರು ಬಹಳ. ಹಿಲ್ಲರ್ಸ್‌ಲೇಬೆನ್ ಹೆಸರನ್ನು ಕೇಳಿದವರು ಕಡಿಮೆ. ಆದರೆ ಆ ಯುದ್ಧದ ಹಲವು ವಿಚಿತ್ರ ಆಯುಧಗಳ ಹಣೆಬರಹ ತೀರ್ಮಾನವಾದದ್ದು, ಅಥವಾ ತೀರ್ಮಾನವಾಗಬೇಕಾಗಿದ್ದದ್ದು, ಇಲ್ಲಿಯೇ.

ಮೊದಲನೇ ಮಹಾಯುದ್ಧದಲ್ಲಿ ಸೋತ ಜರ್ಮನಿ ಭಾರೀ ಫಿರಂಗಿ ಇಟ್ಟುಕೊಳ್ಳಬಾರದೆಂದು 1919ರ ವರ್ಸೇಲ್ಸ್ ಒಪ್ಪಂದ ಕಟ್ಟುಪಾಡು ಹಾಕಿತ್ತು. ಹಿಟ್ಲರ್ ಅಧಿಕಾರಕ್ಕೆ ಬಂದ ಮೇಲೆ 1935ರಲ್ಲಿ ಈ ಕಟ್ಟುಪಾಡನ್ನು ಬಹಿರಂಗವಾಗಿಯೇ ಮುರಿಯಲಾಯಿತು. ಬರ್ಲಿನ್ನಿನ ದಕ್ಷಿಣಕ್ಕಿದ್ದ ಕುಮ್ಮರ್ಸ್‌ಡಾರ್ಫ್ ಎಂಬ ಹಳೆಯ ಪರೀಕ್ಷಾ ಬಯಲು ಹೊಸ ಫಿರಂಗಿಗಳಿಗೆ ಸಾಲದಾಯಿತು. ಕ್ರುಪ್ ಕಂಪನಿಗೆ ಮೆಪ್ಪೆನ್ ಎಂಬಲ್ಲಿ 19ನೇ ಶತಮಾನದಿಂದಲೂ ಸ್ವಂತ ಬಯಲಿತ್ತು. ಆದರೆ ಮಾರುವವನ ತಕ್ಕಡಿಯಲ್ಲೇ ತೂಗಿ ಕೊಳ್ಳುವುದು ಜಾಣತನವಲ್ಲವಲ್ಲ! ಸೇನೆಗೆ ತನ್ನದೇ ತಕ್ಕಡಿ ಬೇಕಾಯಿತು.

ಅಳತೆಯ ಕೆಲಸ

ಫಿರಂಗಿ ಪರೀಕ್ಷೆ ಎಂದರೆ ದೊಡ್ಡ ಸದ್ದು, ಹೊಗೆ, ಚಪ್ಪಾಳೆ ಎಂದು ಯಾರಾದರೂ ಭಾವಿಸಿದರೆ ತಪ್ಪೇನಿಲ್ಲ. ಗಣ್ಯರು ಬಂದ ದಿನ ನಡೆಯುತ್ತಿದ್ದುದು ಅದೇ. ಉಳಿದ ದಿನಗಳಲ್ಲಿ ಅದು ಬೇಸರ ತರಿಸುವಷ್ಟು ಶಿಸ್ತಿನ ಲೆಕ್ಕದ ಕೆಲಸ.

ಯುದ್ಧರಂಗದ ಫಿರಂಗಿಯವನಿಗೆ ಗುರಿ ಕಣ್ಣಿಗೆ ಕಾಣುವುದೇ ಇಲ್ಲ. ಗುಡ್ಡದ ಆಚೆ ಹತ್ತು ಕಿಲೋಮೀಟರು ದೂರದಲ್ಲಿರುವ ಸೇತುವೆಗೆ ಗುಂಡು ಹೊಡೆಯಲು ಅವನು ನಂಬುವುದು ಒಂದು ಪುಸ್ತಕವನ್ನು. ಇಷ್ಟು ದೂರಕ್ಕೆ ನಳಿಕೆಯನ್ನು ಇಷ್ಟು ಡಿಗ್ರಿ ಎತ್ತಬೇಕು, ಗಾಳಿ ಅಡ್ಡ ಬೀಸಿದರೆ ಇಷ್ಟು ಸರಿಪಡಿಸಬೇಕು, ಮದ್ದು ತಣ್ಣಗಿದ್ದರೆ ಇಷ್ಟು ಸೇರಿಸಬೇಕು ಎಂದು ಸಾಲುಸಾಲು ಅಂಕಿಗಳಿರುವ ಕೋಷ್ಟಕ ಅದು. ಫಿರಂಗಿ ಬದಲಾದರೆ ಹೊಸ ಕೋಷ್ಟಕ. ಶೆಲ್ ಬದಲಾದರೆ ಮತ್ತೊಂದು. ಅದರ ಒಂದೊಂದು ಅಂಕಿಯ ಹಿಂದೆಯೂ ಪರೀಕ್ಷಾ ಬಯಲಿನಲ್ಲಿ ಹಾರಿಸಿದ ಗುಂಡುಗಳು ಮತ್ತು ಗಣಿತಜ್ಞರ ಲೆಕ್ಕ ಇರುತ್ತದೆ. ಅಂಕಿ ತಪ್ಪಿದರೆ ಗುಂಡು ಮುಂದಿರುವ ತನ್ನದೇ ಸೈನಿಕರ ತಲೆಯ ಮೇಲೆ ಬೀಳಬಹುದು.

ಮೊದಲು ತಿಳಿಯಬೇಕಾದದ್ದು ನಳಿಕೆಯಿಂದ ಹೊರಬೀಳುವಾಗ ಗುಂಡಿನ ವೇಗ. ಸೆಕೆಂಡಿಗೆ ಎಂಟುನೂರು, ಒಂಬೈನೂರು ಮೀಟರು ಓಡುವ ವಸ್ತುವಿನ ವೇಗವನ್ನು ಗಡಿಯಾರ ಹಿಡಿದು ಅಳೆಯುವುದು ಸಾಧ್ಯವಿಲ್ಲ. 1860ರ ದಶಕದಲ್ಲಿ ಬೆಲ್ಜಿಯಂನ ಲೆ ಬುಲಾಂಜೆ ಎಂಬ ಸೇನಾಧಿಕಾರಿ ಇದಕ್ಕೆ ಸೊಗಸಾದ ಉಪಾಯ ಕಂಡುಹಿಡಿದಿದ್ದ. ಗುಂಡಿನ ದಾರಿಯಲ್ಲಿ ಸ್ವಲ್ಪ ಅಂತರ ಬಿಟ್ಟು ಎರಡು ತಂತಿ ಪರದೆಗಳನ್ನು ನಿಲ್ಲಿಸುವುದು. ಮೊದಲ ತಂತಿ ಕಡಿದೊಡನೆ ವಿದ್ಯುತ್ ನಿಂತು, ಅಯಸ್ಕಾಂತಕ್ಕೆ ನೇತುಬಿದ್ದಿದ್ದ ಉದ್ದನೆಯ ಸರಳು ಕೆಳಕ್ಕೆ ಬೀಳತೊಡಗುತ್ತದೆ. ಎರಡನೇ ತಂತಿ ಕಡಿದಾಗ ಇನ್ನೊಂದು ಸಣ್ಣ ತೂಕ ಬಿದ್ದು ಚಾಕುವೊಂದನ್ನು ಚಿಮ್ಮಿಸುತ್ತದೆ. ಚಾಕು ಬೀಳುತ್ತಿರುವ ಸರಳಿನ ಮೇಲೆ ಗೀರು ಹಾಕುತ್ತದೆ. ಗೀರು ಎಷ್ಟು ಮೇಲಿದೆ ಎಂದು ನೋಡಿದರೆ ಕಾಲ ಗೊತ್ತಾಯಿತು, ಕಾಲದಿಂದ ವೇಗ. ಭೂಮಿಯ ಗುರುತ್ವವನ್ನೇ ಗಡಿಯಾರ ಮಾಡಿಕೊಂಡ ಈ ಸಾಧನ ಮುಂದಿನ ಶತಮಾನದಲ್ಲೂ ಬಹುಕಾಲ ಬಾಳಿತು. ನಳಿಕೆಯೊಳಗಿನ ಒತ್ತಡ ಅಳೆಯಲು ಸಣ್ಣ ತಾಮ್ರದ ತುಂಡೊಂದನ್ನು ಮದ್ದಿನ ಜೊತೆಗಿಟ್ಟು ಹಾರಿಸಿ, ಅದು ಎಷ್ಟು ಚಪ್ಪಟೆಯಾಯಿತು ಎಂದು ನೋಡುತ್ತಿದ್ದರು. ಒತ್ತಡ ಬಿದ್ದರೆ ವಿದ್ಯುತ್ ಹೊರಸೂಸುವ ಸ್ಫಟಿಕಗಳು, ಅತಿವೇಗದ ಕ್ಯಾಮೆರಾಗಳು ಆಮೇಲೆ ಬಂದವು.

ನಳಿಕೆಯ ಸವೆತದ್ದು ಇನ್ನೊಂದು ತಲೆನೋವು. 1918ರಲ್ಲಿ 120 ಕಿ.ಮೀ. ದೂರದಿಂದ ಪ್ಯಾರಿಸ್ ಮೇಲೆ ಶೆಲ್ ಹಾರಿಸಿದ ಫಿರಂಗಿಯಲ್ಲಿ ಈ ಸವೆತ ಎಷ್ಟಿತ್ತೆಂದರೆ ಶೆಲ್ಲುಗಳಿಗೆ ಕ್ರಮಸಂಖ್ಯೆ ಹಾಕಬೇಕಾಗಿತ್ತು. ಪ್ರತಿ ಶೆಲ್ ಹಿಂದಿನದಕ್ಕಿಂತ ಕೂದಲೆಳೆಯಷ್ಟು ದಪ್ಪ. ಕ್ರಮ ತಪ್ಪಿಸಿ ತುರುಕಿದರೆ ಅಪಾಯ. ಬಿಸಿ ಕಡಿಮೆ ಮಾಡಿದರೆ ನಳಿಕೆ ಹೆಚ್ಚು ಬಾಳುತ್ತದೆ ಎಂದು ಕಂಡುಕೊಂಡ ಜರ್ಮನರು ನೈಟ್ರೋಗ್ಲಿಸರಿನ್ ಬದಲು ಡೈಗ್ಲೈಕಾಲ್ ಆಧಾರದ ತಂಪು ಮದ್ದನ್ನು ರೂಪಿಸಿದರು. ಅದಕ್ಕೆ ನೈಟ್ರೋಗ್ವಾನಿಡಿನ್ ಬೆರೆಸಿದ ‘ಗುಡೋಲ್’ ಮದ್ದು ಹೊರಬಂದಿತು. ಇದರಲ್ಲಿ ಇನ್ನೊಂದು ಲಾಭವೂ ಇತ್ತು. ಗ್ಲಿಸರಿನ್ ಬರುವುದು ಕೊಬ್ಬಿನಿಂದ. ಯುದ್ಧಕಾಲದ ಜರ್ಮನಿಯಲ್ಲಿ ಕೊಬ್ಬಿಗೆ ಬರ. ಊಟದ ತಟ್ಟೆಗೂ ಫಿರಂಗಿಗೂ ಒಂದೇ ಉಗ್ರಾಣದಿಂದ ಹಂಚಬೇಕಾದ ಪರಿಸ್ಥಿತಿ.

ಇಂತಹ ಬರ ಒಳ್ಳೆಯ ಶೋಧಗಳನ್ನೂ ನುಂಗಿತು. ಬುಡದಲ್ಲಿ ಅಗಲವಾಗಿ ಬಾಯಿಯ ಕಡೆ ಕಿರಿದಾಗುತ್ತ ಹೋಗುವ ನಳಿಕೆಯಲ್ಲಿ ಗುಂಡನ್ನು ಹಿಂಡಿ ಹೊರದೂಡಿದರೆ ವೇಗ ಹೆಚ್ಚುತ್ತದೆ ಎಂಬುದನ್ನು ಹೆರ್ಮನ್ ಗೆರ್ಲಿಖ್ ಎಂಬ ಎಂಜಿನಿಯರು ಕಾರ್ಯರೂಪಕ್ಕೆ ತಂದಿದ್ದ. 28 ಮಿ.ಮೀ.ನಿಂದ 20 ಮಿ.ಮೀ.ಗೆ ಕಿರಿದಾಗುವ ಟ್ಯಾಂಕ್ ನಿರೋಧಕ ತುಪಾಕಿಯೊಂದು ಗುಂಡನ್ನು ಸೆಕೆಂಡಿಗೆ ಸುಮಾರು 1,400 ಮೀ. ವೇಗದಲ್ಲಿ ಹಾರಿಸುತ್ತಿತ್ತು. ಪರೀಕ್ಷೆಯಲ್ಲಿ ಪ್ರಥಮ ದರ್ಜೆ. ಆದರೆ ಆ ಗುಂಡಿನ ತಿರುಳು ಟಂಗ್‌ಸ್ಟನ್. ಅದು ಬರಬೇಕಾದದ್ದು ಪೋರ್ಚುಗಲ್, ಸ್ಪೇನ್‌ಗಳಿಂದ, ಮತ್ತು ಕಾರ್ಖಾನೆಯ ಯಂತ್ರಗಳ ಕತ್ತರಿಸುವ ಅಲಗುಗಳಿಗೂ ಅದೇ ಬೇಕು. ಯಂತ್ರಗಳೇ ಗೆದ್ದವು, ಗುಂಡುಗಳ ತಯಾರಿಕೆ ನಿಂತುಹೋಯಿತು.

ಏಳು ಟನ್ನಿನ ಶೆಲ್

1941ರಲ್ಲಿ ಹಿಲ್ಲರ್ಸ್‌ಲೇಬೆನ್‌ಗೆ ಬಂದ ಒಂದು ನಳಿಕೆಯ ಒಳಗೆ ಮನುಷ್ಯ ಮಂಡಿಯೂರಿ ಕೂರಬಹುದಾಗಿತ್ತು. ಅಗಲ 80 ಸೆಂ.ಮೀ., ಉದ್ದ 32 ಮೀಟರಿಗಿಂತ ಹೆಚ್ಚು. ಕ್ರುಪ್ ಕಂಪನಿಯ ‘ಡೋರಾ’ ಫಿರಂಗಿಯ ನಳಿಕೆ ಅದು. ಪೂರ್ತಿ ಜೋಡಿಸಿದರೆ ತೂಕ 1,350 ಟನ್. ಓಡಾಡಲು ಅಕ್ಕಪಕ್ಕದಲ್ಲಿ ಎರಡು ರೈಲುಹಳಿ ಬೇಕು. ಕಾಂಕ್ರೀಟು ಒಡೆಯುವ ಅದರ ಒಂದೊಂದು ಶೆಲ್ಲೂ ಏಳು ಟನ್ ಭಾರ. ಫ್ರಾನ್ಸಿನ ಮಾಜಿನೋ ಕೋಟೆಸಾಲನ್ನು ಒಡೆಯಲೆಂದು ಇದನ್ನು ಕೇಳಲಾಗಿತ್ತು. ಆದರೆ ನಳಿಕೆ ಪರೀಕ್ಷೆಗೆ ಬರುವ ಹೊತ್ತಿಗೆ ಫ್ರಾನ್ಸ್ ಬಿದ್ದು ವರ್ಷವಾಗಿತ್ತು.

ಶೆಲ್ಲುಗಳು ದಪ್ಪನೆಯ ಉಕ್ಕು, ಕಾಂಕ್ರೀಟುಗಳನ್ನು ಭೇದಿಸಿದವು. ಮುಂದಿನ ಪರೀಕ್ಷೆಗಳು ಬಾಲ್ಟಿಕ್ ಕಡಲತೀರದ ರ್ಯೂಗನ್‌ವಾಲ್ಡೆಯಲ್ಲಿ ನಡೆದವು. 1942ರ ಜೂನ್‌ನಲ್ಲಿ ಕ್ರಿಮಿಯಾದ ಸೆವಾಸ್ತೊಪೋಲ್ ಮುತ್ತಿಗೆಯಲ್ಲಿ ಡೋರಾ ಹಾರಿಸಿದ್ದು ಐವತ್ತಕ್ಕೂ ಕಡಿಮೆ ಶೆಲ್. ಹಳಿ ಹಾಕಲು, ಮಣ್ಣು ತೋಡಲು, ಜೋಡಿಸಲು, ಕಾಯಲು ಸಾವಿರಾರು ಜನ. ಪರೀಕ್ಷೆಗಳಲ್ಲಿ ಹಾರಿಸಿದ ಗುಂಡುಗಳೇ ಯುದ್ಧದಲ್ಲಿ ಹಾರಿಸಿದವಕ್ಕಿಂತ ಹೆಚ್ಚಾದ ಫಿರಂಗಿ ಇದು.

1943ರ ಮಾರ್ಚ್‌ನಲ್ಲಿ ರ್ಯೂಗನ್‌ವಾಲ್ಡೆಗೆ ಬಂದ ಹಿಟ್ಲರ್ ಇದನ್ನು ನೋಡಿ ಬೆರಗಾದ. ಟ್ಯಾಂಕುಗಳ ಮೇಲೂ ಇದನ್ನು ಪ್ರಯೋಗಿಸಬಹುದು ಎಂದು ಕಂಪನಿಯವರು ಅವನಿಗೆ ಹೇಳಿದ್ದರಂತೆ. ಜೊತೆಗಿದ್ದ ಟ್ಯಾಂಕುಪಡೆಯ ಜನರಲ್ ಗುಡೇರಿಯನ್ ತನ್ನ ಆತ್ಮಕಥನದಲ್ಲಿ ಈ ಪ್ರಸಂಗವನ್ನು ನೆನೆದಿದ್ದಾನೆ. ಹಾರಿಸುವುದೇನೋ ಹಾರಿಸಬಹುದು, ತಾಗುವುದು ಮಾತ್ರ ಎಂದಿಗೂ ಇಲ್ಲ ಎಂಬುದು ಅವನ ಉತ್ತರವಾಗಿತ್ತು. ಒಂದು ಗುಂಡು ತುಂಬಲು ಮುಕ್ಕಾಲು ಗಂಟೆ ಹಿಡಿಯುವ ಫಿರಂಗಿಗಾಗಿ ಯಾವ ಟ್ಯಾಂಕು ಕಾದು ನಿಲ್ಲುತ್ತದೆ?

ಕೇಳದೆ ಹೋದ ಉತ್ತರ

ಪರೀಕ್ಷಾ ಬಯಲೊಂದರ ಬೆಲೆ ಇರುವುದು ಅದು ‘ಆಗುತ್ತದೆ’ ಎಂದು ಹೇಳುವುದರಲ್ಲಿ ಅಲ್ಲ, ‘ಆಗುವುದಿಲ್ಲ’ ಎಂದು ಹೇಳುವುದರಲ್ಲಿ. ಹಿಲ್ಲರ್ಸ್‌ಲೇಬೆನ್ ಅಂಥದೊಂದು ಉತ್ತರ ಕೊಟ್ಟಿತ್ತು. ಅದು ಅಧಿಕಾರಸ್ಥರ ಕಿವಿ ತಲುಪುವ ಹೊತ್ತಿಗೆ ಕೈಮೀರಿತ್ತು.

ರೋಖ್ಲಿಂಗ್ ಉಕ್ಕು ಕಂಪನಿಯ ಎಂಜಿನಿಯರು ಆಗಸ್ಟ್ ಕೋಂಡರ್ಸ್. ಬಾಣದಂತೆ ಉದ್ದವಾಗಿ ತೆಳ್ಳಗಿರುವ, ಕಾಂಕ್ರೀಟಿನೊಳಗೆ ಆಳಕ್ಕೆ ಇಳಿಯುವ ಶೆಲ್ಲೊಂದನ್ನು ರೂಪಿಸಿ ಆತ ಹೆಸರು ಮಾಡಿದ್ದ. 1943ರಲ್ಲಿ ಆತ ಹೊಸದೊಂದು ಯೋಜನೆ ತಂದ. ಮಾಮೂಲಿ ಫಿರಂಗಿಯಲ್ಲಿ ಮದ್ದೆಲ್ಲ ಬುಡದಲ್ಲೇ ಒಮ್ಮೆಗೇ ಉರಿಯುತ್ತದೆ. ಗುಂಡು ಮುಂದೆ ಸಾಗಿದಂತೆ ಒತ್ತಡ ಇಳಿಯುತ್ತದೆ. ಅದರ ಬದಲು ನೂರಾರು ಅಡಿ ಉದ್ದದ ನಳಿಕೆಯ ಇಕ್ಕೆಲಗಳಲ್ಲಿ ಮೀನಿನ ಮುಳ್ಳುಗಳಂತೆ ಪಕ್ಕದ ಕೋಣೆಗಳನ್ನಿಟ್ಟು, ಗುಂಡು ಒಂದೊಂದನ್ನು ದಾಟಿದೊಡನೆ ಅಲ್ಲಿನ ಮದ್ದಿಗೆ ಕಿಡಿ ಕೊಟ್ಟರೆ? ಉಯ್ಯಾಲೆಯನ್ನು ಪ್ರತಿ ಸುತ್ತಿನಲ್ಲೂ ಹಿಂದಿನಿಂದ ತಳ್ಳಿದ ಹಾಗೆ ಗುಂಡಿಗೆ ಮತ್ತೆ ಮತ್ತೆ ವೇಗ ಸಿಗುತ್ತದೆ. ಸೆಕೆಂಡಿಗೆ 1,500 ಮೀ. ವೇಗ ಸಿಕ್ಕರೆ ಫ್ರಾನ್ಸಿನ ಕರಾವಳಿಯಿಂದ ಲಂಡನ್ ಮೇಲೆ ಗಂಟೆಗೆ ನೂರಾರು ಶೆಲ್ ಸುರಿಸಬಹುದು.

ಕಲ್ಪನೆ ಹೊಸದಲ್ಲ. 1880ರ ದಶಕದಲ್ಲಿ ಲೈಮನ್ ಮತ್ತು ಹಾಸ್ಕೆಲ್ ಎಂಬ ಅಮೆರಿಕನ್ನರು ಇದನ್ನೇ ಮಾಡಿ ಸೋತಿದ್ದರು. ಬುಡದ ಬೆಂಕಿ ಗುಂಡಿನ ಪಕ್ಕದಿಂದ ನುಸುಳಿ ಮುಂದಿನ ಕೋಣೆಗಳಿಗೆ ಮೊದಲೇ ಹೊತ್ತಿಕೊಳ್ಳುತ್ತಿತ್ತು. ಹಿಂದಿನಿಂದ ತಳ್ಳಬೇಕಾದ ಮದ್ದು ಎದುರಿನಿಂದ ತಡೆಯುತ್ತಿತ್ತು. ಸಣ್ಣ ಗಾತ್ರದ ಮಾದರಿಯಲ್ಲಿ ಕೋಂಡರ್ಸ್ ಗೆದ್ದ. ಶಸ್ತ್ರಾಸ್ತ್ರ ಸಚಿವ ಆಲ್ಬರ್ಟ್ ಸ್ಪೀರ್ ಮೂಲಕ ವಿಷಯ ಹಿಟ್ಲರನಿಗೆ ತಲುಪಿತು. ಅವನಿಗೆ ಬಹಳ ಹಿಡಿಸಿತು.

ಪೂರ್ಣಗಾತ್ರದ, 15 ಸೆಂ.ಮೀ. ಅಗಲದ ನಳಿಕೆಯನ್ನು ಹಿಲ್ಲರ್ಸ್‌ಲೇಬೆನ್‌ನಲ್ಲಿ ನಿಲ್ಲಿಸಿ ಹಾರಿಸಿದಾಗ ಬಣ್ಣ ಬಯಲಾಯಿತು. ಎಲ್ಲ ಸರಿಯಾಗಿ ನಡೆದ ದಿನವೂ ವೇಗ ಸೆಕೆಂಡಿಗೆ ಒಂದು ಸಾವಿರ ಮೀಟರಿಗಿಂತ ಸ್ವಲ್ಪವೇ ಹೆಚ್ಚು. ಆ ವೇಗಕ್ಕೆ ರೆಕ್ಕೆಯಿದ್ದ ಉದ್ದನೆಯ ಶೆಲ್ಲುಗಳು ಗಾಳಿಯಲ್ಲಿ ನೆಟ್ಟಗೆ ನಿಲ್ಲಲಿಲ್ಲ, ಮಗುಚಿದವು. 1943 ಮುಗಿಯುವಷ್ಟರಲ್ಲಿ ಇದು ಸ್ಪಷ್ಟವಾಗಿತ್ತು.

ಆದರೆ ಅದೇ ವರ್ಷ ಸೆಪ್ಟೆಂಬರಿನಲ್ಲೇ ಫ್ರಾನ್ಸಿನ ಕರಾವಳಿಯ ಮಿಮೊಯೆಕ್ ಎಂಬಲ್ಲಿ ಸುಣ್ಣಕಲ್ಲಿನ ಗುಡ್ಡ ಕೊರೆಯುವ ಕೆಲಸ ಶುರುವಾಗಿತ್ತು. ಲಂಡನ್ ದಿಕ್ಕಿಗೆ ಓರೆಯಾಗಿ ಕೊರೆದ ಸುರಂಗಗಳಲ್ಲಿ ಹತ್ತಾರು ನಳಿಕೆಗಳನ್ನು ಶಾಶ್ವತವಾಗಿ ಕೂರಿಸುವ ಯೋಜನೆ. ಗುರಿ ಬದಲಿಸುವ ಹಾಗಿಲ್ಲ, ತಿರುಗಿಸುವ ಹಾಗಿಲ್ಲ. ಜರ್ಮನ್ ಗಣಿ ಕೆಲಸಗಾರರ ಜೊತೆಗೆ ಯುದ್ಧಕೈದಿಗಳನ್ನೂ ಬಲವಂತದ ದುಡಿಮೆಯವರನ್ನೂ ಅಲ್ಲಿ ಹಗಲೂ ರಾತ್ರಿ ದುಡಿಸಲಾಯಿತು. ಪರೀಕ್ಷೆಯ ಫಲಿತಾಂಶಕ್ಕೆ ಮೊದಲೇ ಪದವಿ ಪ್ರದಾನಕ್ಕೆ ಚಪ್ಪರ ಹಾಕಿದಂತಾಯಿತು ಇದು. ವ್ಯತ್ಯಾಸವೆಂದರೆ ಈ ಚಪ್ಪರದ ಕೆಳಗೆ ಜನ ಸತ್ತರು. 1944ರ ಜುಲೈ 6ರಂದು ಬ್ರಿಟಿಷ್ ವಾಯುಪಡೆಯ 617ನೇ ಸ್ಕ್ವಾಡ್ರನ್ ಐದು ಟನ್ನಿಗೂ ಮೀರಿದ ‘ಟಾಲ್‌ಬಾಯ್’ ಬಾಂಬುಗಳನ್ನು ಗುಡ್ಡದ ಮೇಲೆ ಹಾಕಿತು. ಸುರಂಗಗಳು ಕುಸಿದು ಒಳಗಿದ್ದ ಕಾರ್ಮಿಕರು ಅಲ್ಲೇ ಸಮಾಧಿಯಾದರು.

ಆ ದಾಳಿಗೆ ಎರಡೇ ದಿನ ಮೊದಲು ಬಾಲ್ಟಿಕ್ ತೀರದ ಮಿಸ್ಡ್ರಾಯ್‌ನಲ್ಲಿ ಇದೇ ಫಿರಂಗಿಯ ಇನ್ನೊಂದು ಪರೀಕ್ಷೆ ನಡೆದಿತ್ತು. ಒಂದು ಶೆಲ್ 93 ಕಿ.ಮೀ. ಹಾರಿತು. ಆ ಪರೀಕ್ಷೆಯಲ್ಲೇ ನಳಿಕೆ ಸಿಡಿಯಿತು. ಲಂಡನ್‌ಗೆ ಬೇಕಾಗಿದ್ದುದು 160 ಕಿ.ಮೀ.ಗೂ ಹೆಚ್ಚು. ಎಂದರೆ ಬಾಂಬು ಬೀಳದಿದ್ದರೂ ಆ ಗುಡ್ಡದಿಂದ ಲಂಡನ್‌ಗೆ ಒಂದು ಶೆಲ್ಲೂ ತಲುಪುತ್ತಿರಲಿಲ್ಲ. ಕೊನೆಗೆ ಇದರ ಗಿಡ್ಡ ರೂಪ ಎರಡನ್ನು ಟ್ರಿಯರ್ ಬಳಿಯಿಂದ ಲಕ್ಸೆಂಬರ್ಗ್ ನಗರದ ಕಡೆಗೆ ಹಾರಿಸಲಾಯಿತು. 1944ರ ಡಿಸೆಂಬರ್ 30ರಿಂದ 1945ರ ಫೆಬ್ರುವರಿವರೆಗೆ 183 ಶೆಲ್. ಸತ್ತವರು 10 ಜನ, ಗಾಯಗೊಂಡವರು 35.

ಬಾಣದ ಆಕಾರದ ಶೆಲ್ ಮಾತ್ರ ವ್ಯರ್ಥವಾಗಲಿಲ್ಲ. ಪೇನೆಮುಂಡೆಯ ಗಾಳಿ ಸುರಂಗದಲ್ಲಿ ರೂಪ ತಿದ್ದಿಸಿಕೊಂಡ ಇಂಥದೇ ಶೆಲ್ಲನ್ನು ಕೆ-5 ಎಂಬ ರೈಲು ಫಿರಂಗಿಯ 31 ಸೆಂ.ಮೀ. ಅಗಲದ ನುಣುಪು ನಳಿಕೆಯಿಂದ ಹಾರಿಸಿದರು. ಶೆಲ್ಲಿನ ಮೈ 12 ಸೆಂ.ಮೀ. ಮಾತ್ರ. ನಡುವಿನ ಜಾಗ ತುಂಬುವ ಉಂಗುರ ನಳಿಕೆ ದಾಟಿದೊಡನೆ ಕಳಚಿ ಬೀಳುತ್ತದೆ. ಮಾಮೂಲಿ ಶೆಲ್ಲಿನಲ್ಲಿ 60 ಕಿ.ಮೀ. ಚಿಲ್ಲರೆ ಹೊಡೆಯುತ್ತಿದ್ದ ಫಿರಂಗಿಯ ಹಾರು ದೂರ ಇದರಿಂದ 150 ಕಿ.ಮೀ. ಮುಟ್ಟಿತು. ಇಂದು ಜಗತ್ತಿನ ಬಹುತೇಕ ಟ್ಯಾಂಕುಗಳು ಎದುರಾಳಿ ಟ್ಯಾಂಕನ್ನು ಭೇದಿಸಲು ಬಳಸುವುದು ಇದೇ ತತ್ತ್ವದ, ಉಂಗುರ ಕಳಚುವ ಬಾಣಗಳನ್ನು.

1945ರ ಏಪ್ರಿಲ್‌ನಲ್ಲಿ ಅಮೆರಿಕನ್ ಸೇನೆ ಹಿಲ್ಲರ್ಸ್‌ಲೇಬೆನ್ ತಲುಪಿದಾಗ ತಂತ್ರಜ್ಞರಿಗೆ ಹಬ್ಬ. ವಿಜ್ಞಾನಿಗಳನ್ನು ಕೂರಿಸಿ ಪ್ರಶ್ನೆ ಕೇಳಿದರು, ಕಾಗದಪತ್ರ ಜಾಲಾಡಿದರು. ಅಲ್ಲಿ ಸಿಕ್ಕ ವಿಷಯಗಳಲ್ಲಿ ಪತ್ರಿಕೆಗಳಿಗೆ ಅತಿ ರುಚಿಸಿದ್ದು ‘ಸೂರ್ಯ ಫಿರಂಗಿ’. ಭೂಮಿಯಿಂದ 8,200 ಕಿ.ಮೀ. ಎತ್ತರದಲ್ಲಿ ಬೃಹತ್ ಕನ್ನಡಿಯೊಂದನ್ನು ತೇಲಬಿಟ್ಟು, ಬಿಸಿಲನ್ನು ಒಂದೆಡೆ ಸೇರಿಸಿ ಶತ್ರುನಗರ ಸುಡುವ ಯೋಚನೆ ಅದು. ರಾಕೆಟ್ ವಿಜ್ಞಾನಿ ಹೆರ್ಮನ್ ಓಬರ್ಟ್ 1920ರ ದಶಕದಲ್ಲಿ ಬರೆದ ಕನ್ನಡಿಯ ಕಲ್ಪನೆಯೇ ಅದರ ಮೂಲ. ಅಮೆರಿಕದ ‘ಲೈಫ್’ ಪತ್ರಿಕೆ 1945ರ ಜುಲೈನಲ್ಲಿ ಚಿತ್ರಸಹಿತ ಪ್ರಕಟಿಸಿತು. ಇನ್ನು 50 ಅಥವಾ 100 ವರ್ಷಗಳಲ್ಲಿ ಮಾಡಬಹುದು ಎಂದು ಆ ವಿಜ್ಞಾನಿಗಳು ಹೇಳಿದ್ದರಂತೆ. ಟಂಗ್‌ಸ್ಟನ್‌ಗೂ ಕೊಬ್ಬಿಗೂ ಗತಿಯಿಲ್ಲದ ದೇಶದಲ್ಲಿ ಇಂಥ ಕಾಗದದ ಕನ್ನಡಿಗೆ ಪುರುಸೊತ್ತು ಇತ್ತೆಂಬುದೇ ಆಶ್ಚರ್ಯ.

ಫಾರ್ಸ್‌ಲೇಬೆನ್‌ನ ರೈಲು

ಆದರೆ ಆ ಏಪ್ರಿಲ್‌ನಲ್ಲಿ ಹಿಲ್ಲರ್ಸ್‌ಲೇಬೆನ್‌ಗೆ ಬಂದವರು ತಂತ್ರಜ್ಞರು ಮಾತ್ರ ಅಲ್ಲ.

ಬೆರ್ಗನ್-ಬೆಲ್ಸನ್ ಬಂದಿ ಶಿಬಿರಕ್ಕೆ ಬ್ರಿಟಿಷರು ಸಮೀಪಿಸುತ್ತಿದ್ದಂತೆ, ಏಪ್ರಿಲ್‌ನಲ್ಲಿ ಅಲ್ಲಿಂದ ಮೂರು ರೈಲುಗಳಲ್ಲಿ ಯಹೂದಿ ಕೈದಿಗಳನ್ನು ತುಂಬಿ ಪೂರ್ವಕ್ಕೆ ಕಳುಹಿಸಲಾಗಿತ್ತು. ಅವುಗಳಲ್ಲಿ ಒಂದು, ಸುಮಾರು 2,500 ಜನರಿದ್ದ ರೈಲು, ಹಿಲ್ಲರ್ಸ್‌ಲೇಬೆನ್‌ಗೆ ಹತ್ತಿರದ ಫಾರ್ಸ್‌ಲೇಬೆನ್ ಬಳಿ ಬಂದು ನಿಂತಿತು. ಕಾವಲುಗಾರರು ಓಡಿಹೋದರು. ಏಪ್ರಿಲ್ 13ರಂದು ಅಮೆರಿಕದ 743ನೇ ಟ್ಯಾಂಕ್ ಬೆಟಾಲಿಯನ್ನಿನ ಸೈನಿಕರು ಆ ದಾರಿಯಾಗಿ ಬಂದಾಗ ಕಂಡದ್ದು ಹಳಿಯ ಪಕ್ಕದ ಇಳಿಜಾರಿನಲ್ಲಿ ಎಲುಬಿನ ಗೂಡಾಗಿದ್ದ ಗಂಡಸರು, ಹೆಂಗಸರು, ಮಕ್ಕಳು. ಮೇಜರ್ ಕ್ಲಾರೆನ್ಸ್ ಬೆಂಜಮಿನ್ ತೆಗೆದ ಒಂದು ಛಾಯಾಚಿತ್ರದಲ್ಲಿ ತಾಯಿಯೊಬ್ಬಳು ಮಗುವಿನ ಕೈ ಹಿಡಿದು ಇಳಿಜಾರು ಹತ್ತುತ್ತಿದ್ದಾಳೆ. ಆಕೆಯ ಮುಖದ ಭಾವ ಅಳುವೋ ನಗುವೋ ಹೇಳುವುದು ಕಷ್ಟ.

ಇಷ್ಟು ಜನರನ್ನು ಎಲ್ಲಿಗೆ ಕರೆದೊಯ್ಯುವುದು? ಹತ್ತಿರದಲ್ಲಿ ಸಾವಿರಾರು ಜನಕ್ಕೆ ಹಾಸಿಗೆ, ನೀರು, ಅಡುಗೆಮನೆ ಇದ್ದ ಜಾಗ ಒಂದೇ. ಫಿರಂಗಿ ಪ್ರಯೋಗಶಾಲೆಯ ವಸತಿಗೃಹಗಳು. ಗುಂಡಿನ ವೇಗ ಅಳೆಯುತ್ತಿದ್ದ ಅಧಿಕಾರಿಗಳು, ಅವರ ಕುಟುಂಬಗಳು ಮಲಗುತ್ತಿದ್ದ ಮಂಚಗಳ ಮೇಲೆ ಬೆರ್ಗನ್-ಬೆಲ್ಸನ್ನಿನವರು ಮಲಗಿದರು. ಹಲವರಿಗೆ ಟೈಫಸ್ ಹಿಡಿದಿತ್ತು. ಬಿಡುಗಡೆಯಾದ ಮೇಲೂ ನೂರಕ್ಕೂ ಹೆಚ್ಚು ಜನ ಅಲ್ಲಿ ತೀರಿಕೊಂಡರು. ಅವರನ್ನು ಹಿಲ್ಲರ್ಸ್‌ಲೇಬೆನ್‌ನಲ್ಲೇ ಮಣ್ಣು ಮಾಡಲಾಯಿತು. ಬದುಕಿದವರು ಆ ಬೇಸಿಗೆಯಲ್ಲಿ ಪ್ಯಾಲೆಸ್ಟೈನಿಗೆ, ಹಾಲೆಂಡಿಗೆ, ಬೇರೆ ಬೇರೆ ಕಡೆಗೆ ಹೊರಟುಹೋದರು.

ಈ ಕತೆ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಬಹುಮಟ್ಟಿಗೆ ಮರೆತುಹೋಗಿತ್ತು. 2001ರಲ್ಲಿ ನ್ಯೂಯಾರ್ಕ್ ರಾಜ್ಯದ ಹೈಸ್ಕೂಲು ಶಿಕ್ಷಕ ಮ್ಯಾಥ್ಯೂ ರೋಜೆಲ್ ತಮ್ಮ ವಿದ್ಯಾರ್ಥಿಗಳಿಗಾಗಿ ಹಳೆಯ ಸೈನಿಕರ ನೆನಪುಗಳನ್ನು ದಾಖಲಿಸುತ್ತಿದ್ದರು. ಒಬ್ಬ ನಿವೃತ್ತ ಟ್ಯಾಂಕ್ ಸೈನಿಕ ಗಂಟೆಗಟ್ಟಲೆ ಯುದ್ಧದ ಕತೆ ಹೇಳಿ ಮುಗಿಸಿದ ಮೇಲೆ, ಆ ರೈಲಿನ ವಿಷಯ ಹೇಳಿದಿರಾ ಎಂದು ಮಗಳು ನೆನಪಿಸಿದಳು. ಅಲ್ಲಿಂದ ಎಳೆ ಹಿಡಿದು ಹೋಗಿ, ಮುಂದಿನ ವರ್ಷಗಳಲ್ಲಿ ರೈಲಿನಲ್ಲಿದ್ದ ಮಕ್ಕಳು, ಈಗ ಅಜ್ಜ ಅಜ್ಜಿಯರಾದವರು, ಆ ಸೈನಿಕರನ್ನು ಮತ್ತೆ ಭೇಟಿಯಾದರು.

1945ರ ಜುಲೈನಲ್ಲಿ ಮಾಗ್ಡೆಬುರ್ಗ್ ಪ್ರದೇಶ ಸೋವಿಯತ್ ಆಡಳಿತಕ್ಕೆ ಹೋಯಿತು. ಬಯಲಿನಲ್ಲಿ ಕೆಂಪು ಸೇನೆಯ ಟ್ಯಾಂಕುಗಳು ಸುಮಾರು ಐದು ದಶಕ ಅಭ್ಯಾಸ ನಡೆಸಿದವು. ಅವು ಹೊರಟ ಮೇಲೆ 1994ರಲ್ಲಿ ಏಕೀಕೃತ ಜರ್ಮನಿಯ ಸೇನೆ ಬಯಲನ್ನು ವಹಿಸಿಕೊಂಡಿತು. ಬಯಲನ್ನು ಜನರಿಗೆ ಬಿಟ್ಟುಕೊಡಿ ಎಂದು ಸುತ್ತಲಿನ ಊರಿನವರು ಪಾದಯಾತ್ರೆ ನಡೆಸಿದರೂ ಅದು ಸೇನೆಯ ಕೈಯಲ್ಲೇ ಉಳಿಯಿತು.

2012ರಿಂದ ಅಲ್ಲಿ ಸೇನೆ ಒಂದು ಊರನ್ನೇ ಕಟ್ಟಿತು. 500ಕ್ಕೂ ಹೆಚ್ಚು ಕಟ್ಟಡ, ಸೇತುವೆ, ಚರಂಡಿ ಜಾಲ, ನೆಲದಡಿಯ ರೈಲುದಾರಿಯ ಒಂದು ತುಂಡು ಎಲ್ಲವೂ ಇವೆ. ಸೈನಿಕರು ಬೀದಿಕಾಳಗ ಅಭ್ಯಾಸ ಮಾಡುವ ಈ ಊರಿನಲ್ಲಿ ಯಾರೂ ವಾಸಿಸುವುದಿಲ್ಲ. ಫಿರಂಗಿಗಳಿಗಾಗಿ 1930ರ ದಶಕದಲ್ಲಿ ಖಾಲಿ ಮಾಡಿಸಿದ ಹಳ್ಳಿಯ ಹೆಸರನ್ನೇ ಇದಕ್ಕೂ ಇಡಲಾಗಿದೆ: ಶ್ನೋಗರ್ಸ್‌ಬುರ್ಗ್.